ಸಿಂಗಲ್ ವ್ಯಾಲ್ಯೂನಾ, ಮಲ್ಟಿಪಲ್ಲಾ? ಬೇರಿಂಗ್ ರ್‍ಯಾಕ್ ಮುಂದೆ ಕಲಿತದ್ದು

ಕಾರ್ಖಾನೆಯ ಸ್ಟಾಕ್, ಖರೀದಿ ಲೆಕ್ಕ ಇಡುವ ಎಸ್‌ಎಪಿ ಸಾಫ್ಟ್‌ವೇರ್‌ನಲ್ಲಿ ಹೊಸ ಕ್ಯಾರೆಕ್ಟರಿಸ್ಟಿಕ್ (ಅಂದರೆ ಅಳತೆ, ಬಗೆಯಂಥ ವಸ್ತುವಿನ ಒಂದು ಗುಣ) ಮಾಡುವ ಸಿಟಿ04 ಪರದೆಯಲ್ಲಿ ಎರಡು ಪುಟ್ಟ ಗುಂಡಿಗಳಿವೆ. ಒಂದು ಸಿಂಗಲ್ ವ್ಯಾಲ್ಯೂ, ಇನ್ನೊಂದು ಮಲ್ಟಿಪಲ್ ವ್ಯಾಲ್ಯೂ. ಒತ್ತಲು ಅರ್ಧ ಸೆಕೆಂಡ್ ಸಾಕು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಮಾಸ್ಟರ್ ಡೇಟಾ, ಅಂದರೆ ಮೂಲ ವಿವರ, ನೋಡಿಕೊಳ್ಳುವ ನಾನು ಆ ಅರ್ಧ ಸೆಕೆಂಡಿಗೆ ತಿಂಗಳುಗಟ್ಟಲೆ ದಂಡ ತೆತ್ತಿದ್ದೇನೆ.

ಮೊದಲು ಎಲ್ಲವನ್ನೂ ಮಲ್ಟಿಪಲ್ ಇಟ್ಟೆ. ಮುಂದೆ ಬೇಕಾದರೆ ಇರಲಿ ಅಂತ. ಒಂದು ದಿನ ಸ್ಟೋರ್‌ನ ಹಿರಿಯರು ಫೋನ್ ಮಾಡಿದರು: "ಏನ್ ಸಾರ್, 6205 ಬೇರಿಂಗ್‌ಗೆ 20 ಎಂಎಂ ಅಂತ ತೋರಿಸ್ತದಲ್ಲ ನಿಮ್ ಸಿಸ್ಟಂ? ಶಾಫ್ಟ್‌ಗೆ ಹಾಕಿದ್ರೆ ಗಿಲಗಿಲ ಅಂತದೆ."

ಈ ಸರಣಿಯ ಬೇರಿಂಗ್ ನಂಬರಿನಲ್ಲಿ ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಅದನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಸಿಗುತ್ತದೆ. 6204ಕ್ಕೆ 20, 6205ಕ್ಕೆ 25. ಸ್ಟೋರ್‌ನವರಿಗೆ ಇದು ಬಾಯಿಪಾಠ. ಹೊಸ ಹುಡುಗನಿಗೆ ಗೊತ್ತಿರಲಿಲ್ಲ, ಅವನು ಸಿಸ್ಟಂ ನಂಬಿದ. ಆದದ್ದು ಇಷ್ಟೇ: ಯಾರೋ ತಪ್ಪಾಗಿ 20 ಹಾಕಿದ್ದರು, ಇನ್ಯಾರೋ ಸರಿ ಮಾಡಲು ಹೋಗಿ 25 ಸೇರಿಸಿದ್ದರು. ಹಳೆಯದು ಅಳಿಯಲೇ ಇಲ್ಲ. ಮಲ್ಟಿಪಲ್ ಅಲ್ವಾ, ಎರಡೂ ಹಾಯಾಗಿ ಕೂತಿದ್ದವು. ಸಿಂಗಲ್ ಇದ್ದಿದ್ದರೆ 25 ಬರಲು 20 ಜಾಗ ಬಿಡಲೇಬೇಕಿತ್ತು.

ಆ ಸಿಟ್ಟಿನಲ್ಲಿ ಟೆಸ್ಟ್ ಸಿಸ್ಟಂನಲ್ಲಿ ಅದೇ ಬೇರಿಂಗ್‌ಗಳನ್ನು ಎಲ್ಲ ಸಿಂಗಲ್ ಮಾಡಿ ಮತ್ತೆ ಹಾಕಿದೆ. ಒಳವ್ಯಾಸ, ಹೊರವ್ಯಾಸ, ಅಗಲ, ಸೀಲ್ ಬಗೆ ಎಲ್ಲ ಸಲೀಸಾಗಿ ಕೂತವು. 'ಯಾವ ಮೆಷಿನ್‌ಗೆ ಹೊಂದುತ್ತದೆ' ಅನ್ನುವಲ್ಲಿ ಸಿಕ್ಕಿಕೊಂಡೆ. ಒಂದೇ 6205 ಕನ್ವೇಯರ್‌ಗೂ ಬೇಕು, ಪಂಪ್‌ಗೂ ಬೇಕು, ಬ್ಲೋವರ್‌ಗೂ ಬೇಕು. ಸಿಂಗಲ್‌ನಲ್ಲೇ ಕಾಮಾ ಹಾಕಿ ಮೂರನ್ನೂ ಬರೆದೆ. ನಮ್ಮ ಹಳೆಯ ಆವೃತ್ತಿಯಲ್ಲಿ ಒಂದು ವ್ಯಾಲ್ಯೂಗೆ 30 ಅಕ್ಷರ ಮಾತ್ರ. ಮೂರನೇ ಮೆಷಿನ್ ಅರ್ಧಕ್ಕೆ ಕತ್ತರಿಸಿಹೋಯಿತು. ಮೆಷಿನ್‌ಗೊಂದರಂತೆ ಹೌದು-ಇಲ್ಲ ಅನ್ನುವ ಕ್ಯಾರೆಕ್ಟರಿಸ್ಟಿಕ್ ಕೂಡ ಮಾಡಿ ನೋಡಿದೆ. ಪರದೆ ಮದುವೆ ಮುಯ್ಯಿ ಪಟ್ಟಿಯಷ್ಟು ಉದ್ದವಾಯಿತು, ಬಿಟ್ಟೆ. ಇಲ್ಲಿ ಮಲ್ಟಿಪಲ್ಲೇ ಸರಿ.

ಆದರೆ ಮಲ್ಟಿಪಲ್ ದಾರಿಯಲ್ಲಿ ಒಂದು ಹಳ್ಳ ಇದೆ. ವ್ಯಾಲ್ಯೂಗಳು ಕೂರುವುದು ಎಸ್‌ಎಪಿಯ ಎಯುಎಸ್‌ಪಿ ಅನ್ನುವ ಟೇಬಲ್‌ನಲ್ಲಿ, ವ್ಯಾಲ್ಯೂಗೊಂದು ಸಾಲು. ಮೂರು ಮೆಷಿನ್ ಇದ್ದರೆ ಮೂರು ಸಾಲು. ಅದನ್ನು ಸ್ಟಾಕ್ ಪಟ್ಟಿಗೆ ಜೋಡಿಸಿ ಎಕ್ಸೆಲ್‌ಗೆ ಇಳಿಸಿದೆ. ಪ್ರತಿ ಸಾಲಿನಲ್ಲೂ ಸ್ಟಾಕ್ ಮತ್ತೆ ಬಂದು, ರ್‍ಯಾಕ್‌ನಲ್ಲಿದ್ದ 12 ಬೇರಿಂಗ್ ನನ್ನ ಶೀಟ್‌ನಲ್ಲಿ 36 ಆದವು. ಅದೇ ಶೀಟ್ ಮೀಟಿಂಗ್‌ಗೂ ಹೋಯಿತು. ಇಷ್ಟು ಸ್ಟಾಕ್ ಇದ್ದೂ ಯಾಕೆ ಖರೀದಿ ಮಾಡ್ತೀರಿ ಅಂತ ಬೈಸಿಕೊಂಡ ಪರ್ಚೇಸ್‌ನವರು ನನ್ನ ಜೊತೆ ಒಂದು ವಾರ ಮಾತಾಡಲಿಲ್ಲ. ತಪ್ಪು ಸಾಫ್ಟ್‌ವೇರ್‌ನದಲ್ಲ, ನನ್ನದು.

ನಿಜವಾಗಿ ತಲೆ ಕೆಡಿಸಿದ್ದು ತಯಾರಕರ ಹೆಸರು. ಒಂದೇ ಐಟಂ ಕೋಡ್‌ಗೆ ನಾವು ಮೂರ್ನಾಲ್ಕು ಕಂಪನಿಯ ಮಾಲು ತಗೊಳ್ಳುತ್ತೇವೆ. ಹಾಗಾದರೆ ಮಲ್ಟಿಪಲ್ ಅಂದುಕೊಂಡೆ. ಆಗ ಹಿರಿಯರು ಕೇಳಿದರು, "ಸರಿ, ಈಗ ನನ್ ಕೈಲಿರೋದು ಯಾವ್ದು ಅಂತ ಹೇಳ್ತದಾ ಅದು?" ಹೇಳಲ್ಲ. ಇಡೀ ಕೋಡ್‌ಗೆ ಅನ್ವಯಿಸುವ ಗುಣಗಳ ಗುಂಪಾದ ಮೆಟೀರಿಯಲ್ ಕ್ಲಾಸ್‌ನಲ್ಲಿ, ಅಂದರೆ ಕ್ಲಾಸ್ ಟೈಪ್ 001ರಲ್ಲಿ, ಅದು 'ಯಾವುದನ್ನು ತಗೊಳ್ಳಬಹುದು' ಅಂತಷ್ಟೇ ಹೇಳುತ್ತದೆ. ಕೈಯಲ್ಲಿರುವ ಡಬ್ಬಿಗೆ ತಯಾರಕರು ಒಬ್ಬರೇ. ಅದು ಬ್ಯಾಚ್‌ನ, ಅಂದರೆ ಒಂದೇ ಕೋಡ್‌ನಲ್ಲಿ ಬೇರೆಯಾಗಿ ಗುರುತಿಸಿಡುವ ಒಂದು ಕಂತಿನ ಮಾಲಿನ ಗುಣ, ಕ್ಲಾಸ್ ಟೈಪ್ 023ಕ್ಕೆ ಸೇರಿದ್ದು, ಅಲ್ಲಿ ಸಿಂಗಲ್. ಹೊಸ ಕೋಡ್‌ಗಳಿಗೆ ಹಾಗೇ ಮಾಡಿದೆವು. ಹಳೆ ಕೋಡ್‌ಗಳಿಗೆ ಸ್ಟಾಕ್ ಇರುವಾಗ ಬ್ಯಾಚ್ ಆನ್ ಮಾಡುವುದು ದೊಡ್ಡ ರಗಳೆ, ಮುಟ್ಟಿಲ್ಲ.

ಅಂದಿನಿಂದ ಯಾರಾದರೂ ಮಲ್ಟಿಪಲ್ ಬೇಕು ಅಂದರೆ ನಾನು ಕೇಳುವುದು ಒಂದೇ: ಕೈಯಲ್ಲಿರುವ ಒಂದು ವಸ್ತುವಿಗೆ ಇವೆರಡೂ ಒಟ್ಟಿಗೆ ನಿಜವಾ? ಹೌದಾದರೆ ಮಲ್ಟಿಪಲ್. ಇಲ್ಲವಾದರೆ ಆ ಗುಣವನ್ನು ತಪ್ಪು ಜಾಗದಲ್ಲಿ ಇಟ್ಟಿದ್ದೇವೆಯೇ ಅಂತ ನೋಡುತ್ತೇನೆ. ಅನುಮಾನ ಇದ್ದರೆ ಸಿಂಗಲ್. ಒಂದರಿಂದ ಹಲವಕ್ಕೆ ಹೋಗುವುದು ಸುಲಭ. ವಾಪಸ್ ಬರುವಾಗ ಎರಡೆರಡು ವ್ಯಾಲ್ಯೂ ಇರುವ ಐಟಂ ಹುಡುಕಿ, ಯಾವುದು ಉಳಿಯಬೇಕು ಅಂತ ರ್‍ಯಾಕ್‌ಗೆ ಹೋಗಿ ಅಳೆದು, ಒಂದೊಂದಾಗಿ ಅಳಿಸಬೇಕು.

ಬೇರಿಂಗ್ ಮುಗಿದಿದೆ. ವಿ-ಬೆಲ್ಟ್ ಕ್ಲಾಸ್ ಬಾಕಿ ಇದೆ. ನಿನ್ನೆ ತೆರೆದು ನೋಡಿದರೆ ಬಿ-52 ಬೆಲ್ಟ್‌ನ ಉದ್ದದಲ್ಲಿ 52 ಮತ್ತು 1320 ಎರಡೂ ಕೂತಿವೆ. ಒಬ್ಬರು ಇಂಚಿನಲ್ಲಿ ಹಾಕಿದ್ದಾರೆ, ಇನ್ನೊಬ್ಬರು ಎಂಎಂನಲ್ಲಿ.