ಡಿಟ್ಟೊ ಲೂಪರ್: ನಿಂತಲ್ಲೇ ನಿಂತ ಗಿಟಾರ್ ಕೈಗೆ ಒಂದು ಪುಟ್ಟ ಪೆಡಲ್

ಟಿಸಿ ಎಲೆಕ್ಟ್ರಾನಿಕ್ ಕಂಪನಿಯ ಡಿಟ್ಟೊ ಲೂಪರ್‌ನಲ್ಲಿ ಇರುವುದು ಒಂದು ನಾಬ್, ಕಾಲಲ್ಲಿ ಒತ್ತುವ ಒಂದು ಸ್ವಿಚ್, ಒಂದು ದೀಪ. ನುಡಿಸಿದ್ದನ್ನು ಹಿಡಿದಿಟ್ಟುಕೊಂಡು, ಸಾಕು ಅನ್ನುವವರೆಗೆ ಮತ್ತೆ ಮತ್ತೆ ಕೇಳಿಸುತ್ತದೆ; ಹೀಗೆ ತಿರುಗುವ ತುಣುಕೇ ಲೂಪ್. ಒಬ್ಬರೇ ಕೂತು ಇಡೀ ಬ್ಯಾಂಡಿನ ಹಾಗೆ ಕೇಳಿಸಬೇಕು ಅನ್ನುವ ಆಸೆಯಿಂದ ಬಹಳ ಜನ ಇದನ್ನು ಕೊಳ್ಳುತ್ತಾರೆ. ಆ ಆಸೆ ಬೇಗ ತೀರಿ ಪೆಡಲ್ ಕಪಾಟು ಸೇರುತ್ತದೆ. ಆದರೆ ಒಂದೆರಡು ವರ್ಷ ಕಲಿತು, ಹತ್ತಿಪ್ಪತ್ತು ಹಾಡು ಕೈಗೆ ಬಂದು, ಆಮೇಲೆ ಎಷ್ಟು ಹೊತ್ತು ಕೂತರೂ ಒಂದು ಹೆಜ್ಜೆ ಮುಂದೆ ಹೋಗದವರ ಕೈಯಲ್ಲಿ ಇದೇ ಪೆಡಲ್ ಬೇರೆ ಕೆಲಸ ಮಾಡುತ್ತದೆ. ಎಲ್ಲಿ ತಪ್ಪುತ್ತಿದೆ ಎಂದು ಮುಲಾಜಿಲ್ಲದೆ ಕೇಳಿಸುತ್ತದೆ. ಇಲ್ಲಿ ನೋಡುವುದು ಆ ಕೆಲಸವನ್ನು ಮಾತ್ರ.

ನಿಂತುಹೋಗುವುದರಲ್ಲೂ ಬಗೆಗಳಿವೆ. ಓಪನ್ ಕಾರ್ಡ್‌ಗಳು ಬರುತ್ತವೆ, ಬಾರ್ ಕಾರ್ಡ್ (ಒಂದೇ ಬೆರಳನ್ನು ಅಡ್ಡಲಾಗಿಟ್ಟು ತಂತಿಗಳನ್ನೆಲ್ಲ ಒತ್ತುವುದು) ಕೂಡ ಹೇಗೋ ಬರುತ್ತದೆ, ಆದರೆ ಎಲ್ಲ ಹಾಡಿಗೂ ಅದೇ ಒಂದು ಸ್ಟ್ರಮಿಂಗ್, ಇನ್ನೊಬ್ಬರ ಜೊತೆ ಕೂತರೆ ತಾಳ ಜಾರುತ್ತದೆ: ಇದು ಮೊದಲನೆಯದು. ಪೆಂಟಟಾನಿಕ್ ಎಂಬ ಐದು ಸ್ವರದ ಸ್ಕೇಲ್‌ನ ಮೊದಲ ಬಾಕ್ಸ್ (ಬೆರಳಿಡುವ ನಕ್ಷೆ) ಬಾಯಿಪಾಠ ಇದ್ದೂ, ಕೆಳಗೆ ಕಾರ್ಡ್ ಬದಲಾದರೂ ಅದೇ ಐದು ಸ್ವರ ಸುತ್ತಿ ಬರುವುದು ಎರಡನೆಯದು. ವೇಗ ಒಂದು ಮಟ್ಟಕ್ಕೆ ಬಂದು ಅಲ್ಲೇ ಕಚ್ಚಿಕೊಳ್ಳುವುದು ಮೂರನೆಯದು. ಡಿಟ್ಟೊ ಮೊದಲ ಎರಡಕ್ಕೆ ಮದ್ದು. ಮೂರನೆಯದಕ್ಕೆ ಅಲ್ಲ, ಅಲ್ಲಿ ಬೇಕಾದ್ದು ಮೆಟ್ರೊನೋಮ್, ಬಲಗೈ ಮಣಿಕಟ್ಟಿನ ಬಿಗಿ ಬಿಡಿಸುವುದು, ಐದಾರು ಸ್ವರಗಳ ಸಣ್ಣ ತುಣುಕನ್ನು ವೇಗವಾಗಿ ನುಡಿಸಿ ನಿಲ್ಲಿಸುವ ಅಭ್ಯಾಸ. ಇನ್ನು ಎಫ್ ಕಾರ್ಡ್ ಒತ್ತಲೇ ಆಗುವುದಿಲ್ಲ ಅನ್ನುವವರು ಪೆಡಲ್‌ಗೆ ದುಡ್ಡು ಹಾಕುವ ಮೊದಲು ಗಿಟಾರನ್ನು ಸೆಟಪ್‌ಗೆ, ಅಂದರೆ ತಂತಿಯ ಎತ್ತರ ಸರಿಪಡಿಸಲು ಕೊಡಲಿ. ನಟ್‌ನ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿಯ) ಹತ್ತಿರ ತಂತಿ ಎತ್ತರವಿದ್ದರೆ ಮೊದಲ ಫ್ರೆಟ್‌ನಲ್ಲಿ ಬಾರ್ ಹಿಡಿಯುವುದು ಯಾರಿಗಾದರೂ ಕಷ್ಟವೇ.

ಜೋಡಣೆ ಸುಲಭ, ಎರಡು ಮೂರು ಕಡೆ ಮಾತ್ರ ಎಚ್ಚರ ಬೇಕು. ಇದಕ್ಕೆ ಬ್ಯಾಟರಿ ಹಾಕುವ ಜಾಗ ಇಲ್ಲ. 9 ವೋಲ್ಟ್ ಡಿಸಿ, ನಡುವಿನ ಪಿನ್ ಮೈನಸ್ ಇರುವ ಅಡಾಪ್ಟರ್ ಬೇಕು, ಅದನ್ನು ಬೇರೆಯಾಗಿಯೇ ಕೊಳ್ಳಬೇಕಾಗಬಹುದು. ಮನೆಯಲ್ಲಿರುವ ಯಮಾಹಾ ಕೀಬೋರ್ಡಿನ ಅಡಾಪ್ಟರ್ ಚುಚ್ಚಬೇಡಿ. ಅದು 12 ವೋಲ್ಟ್, ನಡುವೆ ಪ್ಲಸ್. ಪಿನ್ ಸರಿಯಾಗಿ ಕೂರುತ್ತದೆ, ಪೆಡಲ್ ಸುಟ್ಟುಹೋಗಬಹುದು. ನಾಲ್ಕೈದು ಪೆಡಲ್‌ಗೆ ಒಂದೇ ಅಡಾಪ್ಟರಿನಿಂದ ಸರಪಳಿ ಹಾಕಿ ಕರೆಂಟ್ ಕೊಟ್ಟರೆ ಕುಂಯ್ ಎಂಬ ಸದ್ದು ಸೇರಿಕೊಳ್ಳಬಹುದು, ಡಿಜಿಟಲ್ ಪೆಡಲ್‌ಗಳಲ್ಲಿ ಅದು ಮಾಮೂಲು. ಇದಕ್ಕೊಂದು ಪ್ರತ್ಯೇಕ ಅಡಾಪ್ಟರ್ ಇಟ್ಟುಕೊಂಡರೆ ತಲೆನೋವು ಇಲ್ಲ.

ಎಲೆಕ್ಟ್ರಿಕ್ ಗಿಟಾರ್ ಆದರೆ ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವುದು), ಡಿಲೇ (ಪ್ರತಿಧ್ವನಿ) ಪೆಡಲ್ ಎಲ್ಲ ಆದ ಮೇಲೆ ಕೊನೆಯಲ್ಲಿ ಡಿಟ್ಟೊ ಇರಲಿ. ಆಗ ಕ್ಲೀನ್ ಸದ್ದಿನಲ್ಲಿ ಲೂಪ್ ಮಾಡಿ, ಆಮೇಲೆ ಡಿಸ್ಟಾರ್ಷನ್ ಹಾಕಿ ಅದರ ಮೇಲೆ ನುಡಿಸಬಹುದು. ಆಂಪ್‌ನೊಳಗಿನ ಡಿಸ್ಟಾರ್ಷನ್ ಬಳಸುವವರಿಗೆ ಇದು ಸಾಲದು: ಲೂಪೂ ಕೈಯ ನುಡಿತವೂ ಒಂದೇ ಡಿಸ್ಟಾರ್ಷನ್‌ನೊಳಗೆ ಬಿದ್ದು ಕಲಸಿಹೋಗುತ್ತವೆ. ಆಂಪ್ ಹಿಂಬದಿಯಲ್ಲಿ ಎಫೆಕ್ಟ್ಸ್ ಲೂಪ್‌ನ ಸೆಂಡ್-ರಿಟರ್ನ್ (ಆಂಪ್‌ನ ಡಿಸ್ಟಾರ್ಷನ್ ಆದ ಮೇಲೆ ಪೆಡಲ್ ಸೇರಿಸುವ ಸಾಕೆಟ್‌ಗಳು) ಇದ್ದರೆ ಅಲ್ಲಿ ಸಿಕ್ಕಿಸಿ. ಅಕೂಸ್ಟಿಕ್ ಗಿಟಾರಿಗೆ ತಂತಿಯ ಸದ್ದು ಹಿಡಿಯುವ ಪಿಕಪ್ ಇರಲೇಬೇಕು. ಗಿಟಾರಿನ ಮೈಯ ದುಂಡು ಬಾಯಿಗೆ ಸಿಕ್ಕಿಸುವ ಮ್ಯಾಗ್ನೆಟಿಕ್ ಪಿಕಪ್ ಸಾಕು. ಮೈಗೆ ಅಂಟಿಸುವ ಅಗ್ಗದ ಪೀಜೋ ಪಿಕಪ್ ಅನ್ನು ಪ್ರೀಆಂಪ್ (ಸಂಕೇತಕ್ಕೆ ಬಲ ಕೊಡುವ ಪುಟ್ಟ ಸಾಧನ) ಇಲ್ಲದೆ ಹಾಕಿದರೆ ಮಂದ್ರವೆಲ್ಲ ಸೋರಿ ಸದ್ದು ತೆಳ್ಳಗಾಗುತ್ತದೆ.

ಪೆಡಲ್ ಅಂಗೈಗಿಂತ ಚಿಕ್ಕದು, ಹಗುರ. ಬೋರ್ಡಿನ ಮೇಲೆ ಜಾಗ ಉಳಿಯುತ್ತದೆ ಅನ್ನುವುದು ನಿಜ, ಆದರೆ ನಮ್ಮ ಮನೆಗಳ ನುಣುಪು ಟೈಲ್ಸ್ ಮೇಲೆ ಬರಿಗಾಲಲ್ಲಿ ಒತ್ತಿದರೆ ಜಾರಿ ಓಡುತ್ತದೆ. ಒಂದು ಮರದ ತುಂಡಿಗೆ ವೆಲ್ಕ್ರೋ ಹಾಕಿ ಕೂರಿಸುವುದು ಒಳ್ಳೆಯದು. ಹಿಮ್ಮಡಿ ನೆಲದ ಮೇಲೇ ಇರಲಿ, ಪಾದದ ಮುಂಭಾಗದಿಂದ ಒತ್ತಿ. ಇಡೀ ಕಾಲು ಎತ್ತಿ ಒತ್ತುವವರಿಗೆ ತಾಳ ಯಾವತ್ತೂ ಸರಿಯಾಗಿ ಸಿಗುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂತು ನುಡಿಸುವ ಅಭ್ಯಾಸವಿದ್ದರೆ ಕುರ್ಚಿಗೆ ಬರಲೇಬೇಕು.

ಈಗ ಒತ್ತುವ ಕ್ರಮ. ಒಮ್ಮೆ ಒತ್ತಿದರೆ ರೆಕಾರ್ಡಿಂಗ್ ಶುರು, ಮತ್ತೆ ಒತ್ತಿದರೆ ಲೂಪ್ ತಿರುಗತೊಡಗುತ್ತದೆ, ಮೂರನೇ ಸಲ ಒತ್ತಿದರೆ ಅದರ ಮೇಲೆ ಓವರ್‌ಡಬ್, ಅಂದರೆ ಇನ್ನೊಂದು ಪದರ. ಒತ್ತಿ ಹಿಡಿದರೆ ಕೊನೆಯ ಪದರ ಹೋಗುತ್ತದೆ, ಮತ್ತೆ ಒತ್ತಿ ಹಿಡಿದರೆ ವಾಪಸ್ ಬರುತ್ತದೆ. ಬೇಗಬೇಗ ಎರಡು ಸಲ ಒತ್ತಿದರೆ ನಿಲ್ಲುತ್ತದೆ. ಒಟ್ಟು 5 ನಿಮಿಷದ ಲೂಪ್ ಹಿಡಿಯುತ್ತದೆ. ಅಭ್ಯಾಸಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕಾಗುವುದೇ ಅಪರೂಪ.

ಎಲ್ಲರೂ ಎಡವುವುದು ಎರಡನೇ ಒತ್ತಿನಲ್ಲಿ. ಬಾರ್ ಅಂದರೆ ಇಲ್ಲಿ ಬಾರ್ ಕಾರ್ಡ್ ಅಲ್ಲ, ನಾಲ್ಕು ಬೀಟ್‌ನ ಗುಂಪು; ನಾಲ್ಕು ಬಾರ್‌ನ ಲೂಪ್ ಅಂದರೆ 16 ಬೀಟ್. ಹದಿನಾರನೆಯ ಬೀಟ್ ನುಡಿಸಿದ ಕೂಡಲೇ ಒತ್ತಿಬಿಟ್ಟರೆ ಆ ಬೀಟ್‌ನ ಉಳಿದ ಭಾಗ ಕತ್ತರಿಸಿಹೋಗಿ ಲೂಪ್ ಪ್ರತಿ ಸುತ್ತಿನಲ್ಲೂ ಮುಗ್ಗರಿಸುತ್ತದೆ. ಒತ್ತಬೇಕಾದ್ದು ಹದಿನೇಳನೆಯ ಬೀಟ್ ಮೇಲೆ, ಅಂದರೆ ಮುಂದಿನ ಸುತ್ತಿನ ಒಂದರ ಮೇಲೆ. ತಾಳ ಹಾಕಿ ಸಂಗೀತ ಕಲಿತವರಿಗೆ ಇದು ಬೇಗ ಹೊಳೆಯುತ್ತದೆ: ಆವರ್ತ ಮುಗಿಯುವುದು ಮುಂದಿನ ಸಮದಲ್ಲಿ. ಒತ್ತಿದ ಮೇಲೂ ಕೈ ನಿಲ್ಲಿಸಬೇಡಿ, ಇನ್ನೊಂದು ಬಾರ್ ನುಡಿಸುತ್ತಲೇ ಇರಿ. ಕೈ ನಿಲ್ಲಿಸಿ ಕಾಲು ಒತ್ತಲು ಹೋದರೆ ಒತ್ತು ತಡವಾಗುತ್ತದೆ. ಶುರು ಮಾಡುವ ಮೊದಲೂ ಅಷ್ಟೇ: ಒಂದು ಬಾರ್ ಸುಮ್ಮನೆ ನುಡಿಸಿ, ನಂತರದ ಒಂದರ ಮೇಲೆ ಮೊದಲ ಒತ್ತು.

ತಡವಾದರೆ ಏನಾಗುತ್ತದೆ ಅನ್ನುವುದಕ್ಕೆ ಲೆಕ್ಕ ಇಲ್ಲಿದೆ. ನಿಮಿಷಕ್ಕೆ 80 ಬೀಟ್ ಅಂದರೆ ಒಂದು ಬೀಟ್‌ಗೆ 0.75 ಸೆಕೆಂಡ್, ನಾಲ್ಕು ಬಾರ್‌ಗೆ 12 ಸೆಕೆಂಡ್. ನೀವು ಬರೀ 0.1 ಸೆಕೆಂಡ್ ತಡವಾಗಿ ಒತ್ತಿದರೂ ಎಂಟು ಸುತ್ತಿನಲ್ಲಿ 0.8 ಸೆಕೆಂಡ್, ಅಂದರೆ ಒಂದು ಬೀಟ್‌ಗಿಂತ ಹೆಚ್ಚು ಹಿಂದೆ ಬಿದ್ದಿರುತ್ತೀರಿ. ಆದ್ದರಿಂದ ಪಕ್ಕದಲ್ಲಿ ಮೆಟ್ರೊನೋಮ್ ಓಡಿಸಿಕೊಂಡು ಲೂಪ್ ಕೇಳಿದರೆ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ರೆಕಾರ್ಡ್ ಮಾಡುವಾಗ ಮಾತ್ರ ಮೆಟ್ರೊನೋಮ್ ಇರಲಿ, ಲೂಪ್ ಶುರುವಾದ ಮೇಲೆ ಆರಿಸಿ. ಡಿಟ್ಟೊದಲ್ಲಿ ಡ್ರಮ್ಸ್ ಇಲ್ಲ, ತಪ್ಪು ತಿದ್ದಿ ಹತ್ತಿರದ ಬೀಟ್‌ಗೆ ಎಳೆದು ಕೂರಿಸುವ ಸೌಲಭ್ಯವೂ ಇಲ್ಲ. ಬೇರೆ ವಿಮರ್ಶೆಗಳಲ್ಲಿ ಇದನ್ನು ಕೊರತೆ ಅನ್ನಬಹುದು. ನಿಂತುಹೋದ ಕೈಗೆ ಇದೇ ಇದರ ದೊಡ್ಡ ಗುಣ.

ಮೊದಲ ಬಗೆಯವರು ಕಾರ್ಡ್ ಬಿಟ್ಟು ಶುರು ಮಾಡಲಿ. ಎಡಗೈಯನ್ನು ತಂತಿಗಳ ಮೇಲೆ ಹಗುರವಾಗಿ ಮಲಗಿಸಿ, ಸ್ವರ ಹೊರಡದಂತೆ ಎರಡು ಬಾರ್ ಸ್ಟ್ರಮಿಂಗ್ ಮಾಡಿ ಲೂಪ್ ಮಾಡಿ. ಆಮೇಲೆ ಗಿಟಾರ್ ಮುಟ್ಟದೆ ಎಂಟು ಸುತ್ತು ಸುಮ್ಮನೆ ಕೇಳಿ. ಕೆಳಮುಖ ಹೊಡೆತಗಳೆಲ್ಲ ಗುದ್ದಿದ ಹಾಗೆ, ಮೇಲ್ಮುಖದವು ಇದ್ದೂ ಇಲ್ಲದ ಹಾಗೆ ಕೇಳಿಸಿದರೆ ಹಾಡುಗಳೆಲ್ಲ ಒಂದೇ ಥರ ಕೇಳಿಸುವುದಕ್ಕೆ ಕಾರಣ ಸಿಕ್ಕಿತು. ಮೇಲ್ಮುಖ ಹೊಡೆತಕ್ಕೆ ಮೂರು ತಂತಿ ಸಾಕು, ಆದರೆ ಅದು ತನ್ನ ಜಾಗದಲ್ಲೇ ಬೀಳಬೇಕು. ಇದೇ ಲೂಪನ್ನು ತಿಶ್ರ ನಡೆಯಲ್ಲಿ, ಅಂದರೆ 6/8ರಲ್ಲಿಯೂ ಮಾಡಿ. ನಮ್ಮ ಸಿನಿಮಾ ಹಾಡುಗಳಲ್ಲಿ, ಭಾವಗೀತೆಗಳಲ್ಲಿ ಈ ನಡೆ ಧಾರಾಳ, ಗಿಟಾರ್ ಕಲಿಯುವವರು ಮಾತ್ರ ನಾಲ್ಕರ ಎಣಿಕೆಗೇ ಅಂಟಿಕೊಂಡಿರುತ್ತಾರೆ.

ಆಮೇಲೆ ಜಿ, ಸಿ ಎರಡೇ ಕಾರ್ಡ್ ಇಟ್ಟು ಲೂಪ್ ಮಾಡಿ ಕೇಳಿ. ಕಾರ್ಡ್ ಬದಲಾಗುವ ಕಡೆ ಬಲಗೈ ಒಂದು ಕ್ಷಣ ಕಾಯುವುದು ಕೇಳಿಸುತ್ತದೆ. ನುಡಿಸುವಾಗ ಇದು ಗೊತ್ತಾಗುವುದಿಲ್ಲ, ಗಮನವೆಲ್ಲ ಎಡಗೈ ಬೆರಳುಗಳ ಮೇಲಿರುತ್ತದೆ. ತಿದ್ದುವ ಕ್ರಮ: ಬಲಗೈ ಯಾವ ಕಾರಣಕ್ಕೂ ನಿಲ್ಲಬಾರದು. ಬಾರ್‌ನ ಕೊನೆಯ ಮೇಲ್ಮುಖ ಹೊಡೆತದ ಹೊತ್ತಿಗೆ ಎಡಗೈ ಬೆರಳು ಎತ್ತಿಬಿಡಿ, ಆ ಒಂದು ಹೊಡೆತ ಖಾಲಿ ತಂತಿಗಳ ಮೇಲೆ ಬೀಳಲಿ. ಕೇಳುವವರಿಗೆ ಖಾಲಿ ತಂತಿ ತಪ್ಪಾಗಿ ಕೇಳಿಸುವುದಿಲ್ಲ, ತಾಳ ನಿಂತರೆ ಮಾತ್ರ ಕೇಳಿಸುತ್ತದೆ.

ಎರಡನೇ ಬಗೆಯವರಿಗೆ ಇನ್ನೂ ಒಳ್ಳೆಯ ಊಟ ಇದೆ. ಜಿ, ಇ ಮೈನರ್, ಸಿ, ಡಿ, ತಲಾ ಒಂದು ಬಾರ್, ನಿಧಾನವಾಗಿ ಲೂಪ್ ಮಾಡಿ. ಅದರ ಮೇಲೆ ಸೋಲೋ ಬೇಡ. 3, 2, 1ನೇ ತಂತಿಗಳಲ್ಲಿ (ಎಲ್ಲಕ್ಕಿಂತ ತೆಳ್ಳಗಿನದು 1ನೇದು) ಮಾತ್ರ ಈ ಮೂರು ಸ್ವರದ ಕಾರ್ಡ್‌ಗಳನ್ನು ಹಿಡಿಯಿರಿ, ಫ್ರೆಟ್ ಸಂಖ್ಯೆ ಅದೇ ತಂತಿಗಳ ಕ್ರಮದಲ್ಲಿದೆ: ಜಿಗೆ 4-3-3, ಇ ಮೈನರ್‌ಗೆ 4-5-3, ಸಿಗೆ 5-5-3, ಡಿಗೆ 7-7-5. ಜಿಯಿಂದ ಇ ಮೈನರ್‌ಗೆ ಹೋಗುವಾಗ ಬದಲಾದದ್ದು 2ನೇ ತಂತಿಯ ಒಂದೇ ಸ್ವರ, ಅಲ್ಲಿಂದ ಸಿಗೆ ಹೋಗುವಾಗ 3ನೇ ತಂತಿಯ ಒಂದೇ ಸ್ವರ. ಸಿಯಿಂದ ಡಿಗೆ ಇದ್ದ ಆಕಾರವನ್ನೇ ಎರಡು ಫ್ರೆಟ್ ಮೇಲೆ ಜಾರಿಸಿದರೆ ಆಯಿತು. ಕಾರ್ಡ್ ಬದಲಾಗುವುದೆಂದರೆ ಯಾವ ಸ್ವರ ಉಳಿಯಿತು, ಯಾವುದು ಕದಲಿತು ಅನ್ನುವುದು ಇಲ್ಲಿ ಬೆರಳಿಗೇ ಗೊತ್ತಾಗುತ್ತದೆ. ಬಾಕ್ಸ್ ಬಾಯಿಪಾಠ ಮಾಡಿದವರಿಗೆ ತಪ್ಪಿಹೋಗಿರುವುದು ಇದೇ. ಇದು ಕೂತ ಮೇಲೆ ಮೇಲಿನ ಜಾಗ: ಜಿ 7-8-7, ಇ ಮೈನರ್ 9-8-7. ಇಲ್ಲೂ ಒಂದೇ ಸ್ವರದ ವ್ಯತ್ಯಾಸ.

ನಂತರದ ಹೆಜ್ಜೆಗೆ 2ನೇ ತಂತಿ ಒಂದೇ ಸಾಕು. ಪ್ರತಿ ಕಾರ್ಡ್‌ನ ಮೂರನೇ ಸ್ವರವನ್ನು (ಕಾರ್ಡ್‌ನ ಹೆಸರಿನ ಸ್ವರದಿಂದ ಸ್ಕೇಲ್‌ನಲ್ಲಿ ಎಣಿಸಿದರೆ ಮೂರನೆಯದು) ಬಾರ್‌ನ ಒಂದನೇ ಬೀಟ್‌ಗೆ ಸರಿಯಾಗಿ ನುಡಿಸಿ: 12ನೇ ಫ್ರೆಟ್, 8, 5, 7. ಹತ್ತು ನಿಮಿಷ ಇಷ್ಟನ್ನೇ. ಆಮೇಲೆ ಈ ನಾಲ್ಕು ಕಂಬಗಳ ನಡುವಿನ ಜಾಗವನ್ನು ಜಿ ಮೇಜರ್ ಸ್ಕೇಲ್‌ನ ಸ್ವರಗಳಿಂದ ತುಂಬಿ, ಆದರೆ ಒಂದರ ಮೇಲೆ ಕಂಬಕ್ಕೇ ಬರಬೇಕು. ಆಗ ಲೂಪ್ ಆರಿಸಿದರೂ ನುಡಿಸಿದ್ದರಲ್ಲಿ ಕಾರ್ಡ್ ಬದಲಾದದ್ದು ಕೇಳಿಸುತ್ತದೆ. ಪರೀಕ್ಷೆಯೂ ಅದೇ: ಕೊನೆಯ ಐದು ನಿಮಿಷ ಪೆಡಲ್ ನಿಲ್ಲಿಸಿ ಅದನ್ನೇ ನುಡಿಸಿ. ಕಾರ್ಡ್‌ಗಳು ಕಿವಿಯಲ್ಲಿ ಉಳಿದಿಲ್ಲವಾದರೆ ಇನ್ನೂ ಲೂಪ್‌ಗೆ ಒರಗಿಕೊಂಡು ನಡೆಯುತ್ತಿದ್ದೀರಿ ಎಂದರ್ಥ.

ಕರ್ನಾಟಕ ಸಂಗೀತದ ಕಿವಿ ಇರುವವರಿಗೆ ಇನ್ನೊಂದು ಉಪಯೋಗ ಇದೆ, ಕಂಪನಿಯ ಜಾಹೀರಾತಿನಲ್ಲಿ ಕಾಣದ್ದು. ಇ ಸ್ವರವನ್ನು ಷಡ್ಜ ಮಾಡಿಕೊಂಡು 6ನೇ ತಂತಿ ಖಾಲಿ, 5 ಮತ್ತು 4ನೇ ತಂತಿ 2ನೇ ಫ್ರೆಟ್: ಸ, ಪ, ಮೇಲಿನ ಸ. ಇದನ್ನು ಮೀಟಿ ಇಪ್ಪತ್ತು ಸೆಕೆಂಡ್ ಲೂಪ್ ಮಾಡಿದರೆ ಶ್ರುತಿ ಸಿದ್ಧ. ಲೂಪ್‌ನ ಜೋಡಣೆಯ ಕಡೆ ಸದ್ದು ಕುಗ್ಗಿ ಮತ್ತೆ ಎದ್ದಂತೆ ಕೇಳಿಸುತ್ತದೆ. ಲೂಪ್ ಅರ್ಧ ಸುತ್ತಿದಾಗ ಒಮ್ಮೆ, ಮುಕ್ಕಾಲು ಸುತ್ತಿದಾಗ ಇನ್ನೊಮ್ಮೆ ಅದನ್ನೇ ಮೀಟಿ ಓವರ್‌ಡಬ್ ಮಾಡಿದರೆ ಆ ಸೀಳು ಮುಚ್ಚಿಹೋಗುತ್ತದೆ. ಈಗ 1ನೇ ತಂತಿಯೊಂದರಲ್ಲೇ ಮೋಹನ: 0, 2, 4, 7, 9, 12. ಶುದ್ಧ ಧನ್ಯಾಸಿ: 0, 3, 5, 7, 10, 12. ಇದು ಗಿಟಾರ್ ಹುಡುಗರಿಗೆ ಗೊತ್ತಿರುವ ಮೈನರ್ ಪೆಂಟಟಾನಿಕ್‌ನ ಸ್ವರಗಳೇ. ಅದರ 7ನೇ ಫ್ರೆಟ್ ಬಿಟ್ಟು 8 ಹಿಡಿದರೆ ಹಿಂದೋಳದ ಸ್ವರಗಳು. ಸ್ವರಸ್ಥಾನ ಫ್ರೆಟ್ ಕೊಡುತ್ತದೆ, ಗಮಕ ಕೊಡುವುದಿಲ್ಲ. ಅದಕ್ಕೆ ತಂತಿ ಎಳೆಯಬೇಕು, ಜಾರಿಸಬೇಕು. ಒಂದೇ ತಂತಿಯ ಮೇಲೆ ಉದ್ದಕ್ಕೆ ಓಡಾಡುವುದರಿಂದ ಬಾಕ್ಸ್‌ನ ಹಿಡಿತ ತಾನಾಗಿ ಸಡಿಲುತ್ತದೆ. ಜಂಟಿ ವರಸೆಯನ್ನು ಮೂರು ಕಾಲದಲ್ಲಿ ಹೀಗೆ ನುಡಿಸಿದರೆ ಬಲಗೈಗೂ ಕೆಲಸ.

ಇನ್ನು ದೂರುಗಳು. ನಿಲ್ಲಿಸಲು ಎರಡು ಸಲ ಒತ್ತಬೇಕು, ನಿಲ್ಲುವುದು ಎರಡನೇ ಒತ್ತಿಗೆ. ಬೀಟ್ ಮೇಲೆ ಮೊದಲ ಒತ್ತು ಬಿದ್ದರೆ ಲೂಪ್ ಒಂದು ಚೂರು ಮುಂದೆ ಹೋಗಿ ತುಂಡಾಗುತ್ತದೆ. ಮನೆಯಲ್ಲಿ ಪರವಾಗಿಲ್ಲ, ವೇದಿಕೆಯಲ್ಲಿ ಮುಜುಗರ. ಅದು ಮುಖ್ಯವಾದರೆ ನಿಲ್ಲಿಸಲು ಎರಡನೇ ಸ್ವಿಚ್ ಇರುವ ಡಿಟ್ಟೊ ಎಕ್ಸ್2 ನೋಡಿ. ಅದರಲ್ಲಿ ಲೂಪನ್ನು ಅರ್ಧ ವೇಗಕ್ಕೆ ಇಳಿಸುವ ಆಯ್ಕೆಯೂ ಇದೆ, ಆಗ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ನಾಬ್ ಲೂಪ್‌ನ ಸದ್ದನ್ನು ಮಾತ್ರ ಬದಲಿಸುತ್ತದೆ, ಕೈಯ ನುಡಿತವನ್ನಲ್ಲ. ಲೂಪ್ ಯಾವಾಗಲೂ ಸ್ವಲ್ಪ ಕೆಳಗಿರಲಿ, ಇಲ್ಲದಿದ್ದರೆ ಅದನ್ನು ಮೀರಿಸಲು ಬಲಗೈ ಗಟ್ಟಿಯಾಗಿ ಹೊಡೆಯತೊಡಗುತ್ತದೆ. ಲೂಪ್ ಎಲ್ಲಿಗೆ ಬಂತು ಎಂದು ತೋರಿಸುವ ವ್ಯವಸ್ಥೆ ಇಲ್ಲ, ಎಣಿಸಿಕೊಳ್ಳಬೇಕು. ಎಷ್ಟು ಪದರವಾದರೂ ಹಾಕಬಹುದು, ಆದರೆ ಮೂರು ದಾಟಿದರೆ ಕೆಸರು.

ಬಾಸ್ ಕಂಪನಿಯ ಆರ್‌ಸಿ-1 ಇದಕ್ಕೆ ನೇರ ಎದುರಾಳಿ. ಗಾತ್ರ ದೊಡ್ಡದು, ಟೈಲ್ಸ್ ಮೇಲೆ ಕದಲುವುದಿಲ್ಲ, 12 ನಿಮಿಷ ಹಿಡಿಯುತ್ತದೆ, 9 ವೋಲ್ಟ್ ಬ್ಯಾಟರಿಯಲ್ಲೂ ನಡೆಯುತ್ತದೆ, ವೃತ್ತಾಕಾರದ 24 ದೀಪಗಳು ಲೂಪ್ ಎಲ್ಲಿದೆ ಎಂದು ತೋರಿಸುತ್ತವೆ. ಹೊಸಬರಿಗೆ ಅದು ಸುಲಭ. ಎಣಿಕೆ ಕಲಿಯಬೇಕಾದವರಿಗೆ ಡಿಟ್ಟೊನೇ ಇರಲಿ, ದೀಪ ನೋಡಿ ಒತ್ತುವ ಚಟ ಅಂಟದು. ಡ್ರಮ್ಸ್, ಲೂಪ್ ಉಳಿಸಿಡಲು 99 ಜಾಗ ಎಲ್ಲ ಬೇಕಾದರೆ ಆರ್‌ಸಿ-5 ಇದೆ, ಆದರೆ ಅಭ್ಯಾಸದ ಅರ್ಧ ಹೊತ್ತು ಮೆನು ತಿರುವುವುದರಲ್ಲೇ ಹೋಗುವ ಅಪಾಯವೂ ಇದೆ. ಫೋನ್‌ನ ಲೂಪರ್ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಬ್ಲೂಟೂತ್ ಇಯರ್‌ಫೋನ್ ಹಾಕಿದರೆ ಮಾತ್ರ ಸದ್ದು ತಡವಾಗಿ ಬಂದು ತಾಳದ ಅಭ್ಯಾಸಕ್ಕೆ ಕೆಲಸಕ್ಕೆ ಬಾರದು, ವೈರ್ ಇರುವುದೇ ಆಗಬೇಕು.

ಅಂಗಡಿಯಲ್ಲಿ ಕೊಳ್ಳುವ ಮೊದಲು ಹೆಡ್‌ಫೋನ್ ಸಾಕೆಟ್ ಇರುವ ಸಣ್ಣ ಆಂಪ್‌ಗೆ ಸಿಕ್ಕಿಸಿ, ಮೇಲಿನ ಎರಡು ಬಾರ್‌ನ ಮುಚ್ಚಿದ ತಂತಿಯ ಲೂಪ್ ಮಾಡಿ ನೋಡಿ, ಒಂಬತ್ತನೆಯ ಬೀಟ್ ಮೇಲೆ ಒತ್ತಿ. ಸೆಕೆಂಡ್‌ಹ್ಯಾಂಡ್ ಪೆಡಲ್ ಆದರೆ ಸ್ವಿಚ್ಚನ್ನು ಇಪ್ಪತ್ತು ಮೂವತ್ತು ಸಲ ಒತ್ತಿ ಪರೀಕ್ಷಿಸಿ. ಒಂದು ಒತ್ತಿಗೆ ಎರಡು ಒತ್ತಿನಂತೆ ವರ್ತಿಸಿದರೆ ಸ್ವಿಚ್ ಸವೆದಿದೆ. ಒಂದೇ ಸ್ವಿಚ್ಚಿನ ಪೆಡಲ್‌ನಲ್ಲಿ ಅದು ಹೋದರೆ ಬೇರೇನೂ ಉಳಿಯುವುದಿಲ್ಲ.