ಸಿಡ್ನಿಯ ಮೊಮ್ಮಕ್ಕಳಿಗೆ ಶಿವಮೊಗ್ಗದ ಚೆಂಡು: ಕೊಳ್ಳಬಹುದೇ?

ನೆಹರೂ ರಸ್ತೆಯ ಈ ಸ್ಪೋರ್ಟ್ಸ್ ಅಂಗಡಿಯಲ್ಲಿ ‘ಫುಟ್‌ಬಾಲ್ ಕೊಡಿ’ ಎಂದರೆ 5ನೇ ಸೈಜಿನ ದುಂಡು ಚೆಂಡು ಕೈಗಿಡುತ್ತಾರೆ. ಸಿಡ್ನಿಗೆ ಒಯ್ಯುವವರಿಗೆ ಅಲ್ಲೇ ಎಡವಟ್ಟು: ಅಲ್ಲಿ ‘ಫುಟ್‌ಬಾಲ್’ ಎಂದರೆ ಒಂದೊಂದು ಕಡೆ ಒಂದೊಂದು ಆಟ. ಮಗಳ ಮನೆ ಯಾವ ಬಡಾವಣೆಯಲ್ಲಿದೆ ಎಂದು ಮೊದಲು ವಿಚಾರಿಸಿ. ಪೆನ್ರಿತ್, ಪ್ಯಾರಮಟ್ಟಾ ಕಡೆ 13 ಜನರ ರಗ್ಬಿ ಲೀಗ್‌ನದೇ ಹುಚ್ಚು. ನಾರ್ತ್ ಶೋರ್‌ನ ಖಾಸಗಿ ಶಾಲೆಗಳಲ್ಲಿ 15 ಜನರ ರಗ್ಬಿ ಯೂನಿಯನ್. 18 ಜನರ ಆಸ್ಟ್ರೇಲಿಯನ್ ರೂಲ್ಸ್ ಎಂಬ ಇನ್ನೊಂದು ಫುಟ್‌ಬಾಲ್ ಮೂಲತಃ ಮೆಲ್ಬರ್ನಿನದು. 1982ರಲ್ಲಿ ಆ ಆಟದ ಸ್ವಾನ್ಸ್ ತಂಡ ಅಲ್ಲಿಂದ ಸಿಡ್ನಿಗೆ ಬಂತು. ಸಾಕರ್ ಅನ್ನು (ಅಂದರೆ ನಮ್ಮ ಫುಟ್‌ಬಾಲ್) ಎಲ್ಲ ಕಡೆ ಮಕ್ಕಳು ಆಡುತ್ತಾರೆ, ಗೊತ್ತಾಗದಿದ್ದರೆ ದುಂಡು ಚೆಂಡೇ ಕ್ಷೇಮ.

ಅಂಗಡಿಯ ರಬ್ಬರ್ ರಗ್ಬಿ ಚೆಂಡಂತೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮೈಮೇಲಿನ ಸಣ್ಣ ಗುಳ್ಳೆಗಳಿಂದಾಗಿ ತೀರ್ಥಹಳ್ಳಿಯ ಜುಲೈ ಮಳೆಯಲ್ಲೂ ಹಿಡಿತ ಸಿಗುತ್ತದೆ. 9.5ರಿಂದ 10 ಪಿಎಸ್‌ಐ ಗಾಳಿ ಸಾಕು. ಹೆಚ್ಚಾದರೆ ಹೊಲಿಗೆ ಬಿಡುತ್ತದೆ. ಸೂಜಿಗೆ ಒಂದು ಹನಿ ಗ್ಲಿಸರಿನ್ ಸವರಿಯೇ ಚುಚ್ಚಿ, ಒಣಗಿದ ಸೂಜಿ ವಾಲ್ವ್ ಹರಿಯುತ್ತದೆ. (ಅಂಗಡಿಯ ಹುಡುಗರು ಎಂಜಲು ಹಚ್ಚುತ್ತಾರೆ, ಬೇಡವೆನ್ನಿ.) ಬ್ಯಾಗಿಗೆ ಹಾಕಲು ಗಾಳಿ ತೆಗೆದರೂ ಮಡಚಬೇಡಿ, ಗೆರೆ ಬಿದ್ದ ಕಡೆ ಆಮೇಲೆ ಬಿರುಕು. ಆಸ್ಟ್ರೇಲಿಯನ್ ರೂಲ್ಸ್ ಚೆಂಡು ಇಲ್ಲಿಲ್ಲ. ‘ಅದೂ ಇದೇ ಸಾರ್’ ಎಂದು ರಗ್ಬಿಯದನ್ನು ತೋರಿಸಿದರೆ ಒಪ್ಪಬೇಡಿ. ಆಸ್ಟ್ರೇಲಿಯನ್ ರೂಲ್ಸ್ ಚೆಂಡಿನ ತುದಿಗಳು ರಗ್ಬಿಯದಕ್ಕಿಂತ ದುಂಡಗಿರುತ್ತವೆ.