ಗೋಣಿಚೀಲದ ಅಕ್ಷರಕ್ಕೆ ಆರು ಸಾವಿರ ಕೊಟ್ಟು ಮೋಸಹೋದೆ, ನೀವು ಹೋಗಬೇಡಿ

ಕಲ್ಲು, ಮರ, ಗೋಣಿಚೀಲದಂಥ ಒರಟು ಮೈಯ ಮೇಲೆ ಅಕ್ಷರ ಮೂಡಿದಂತೆ ಕಾಣುವ ಲೇಬಲ್ ಮಾಡಿಸಲು ಮೈಸೂರಿನಲ್ಲಿ ಅಂಗಡಿ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ಅಂಗಡಿಯ ಹೆಸರನ್ನು ಬರೆಯುವುದಿಲ್ಲ. ಬರೆದರೆ ನಾಳೆ ಬೋರ್ಡು ಬದಲಾಗುತ್ತದೆ, ಕೆಲಸ ಅದೇ ಇರುತ್ತದೆ.

ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಒಂದು ಕೆ.ಜಿ. ಪೊಟ್ಟಣದಲ್ಲಿ ಬೆಲ್ಲ ಮಾರಲು ನಿರ್ಧರಿಸಿ, ನಮ್ಮದೇ ಗೋಣಿಚೀಲದ ಚಿತ್ರದ ಮೇಲೆ ಮೊದಲ ಸಾಲಿನಲ್ಲಿ ‘ಅಪ್ಪಟ’, ಎರಡನೆಯ ಸಾಲಿನಲ್ಲಿ ‘ಅಚ್ಚುಬೆಲ್ಲ’ ಎಂದು ಸೀಲು ಒತ್ತಿದ ಹಾಗೆ ಕಾಣಬೇಕೆಂದು ಹೇಳಿದೆ. ಅಂಚಿನಲ್ಲಿ ನೀಲಿ ಪಟ್ಟೆ ಇರುವ ನಮ್ಮ ಚೀಲದ ಮೂರು ಫೋಟೋಗಳನ್ನೂ, ಮುಂಗಡವಾಗಿ 3,000 ರೂಪಾಯಿಗಳನ್ನೂ ಕೊಟ್ಟು ಬಂದೆ. ಒಪ್ಪಿದ ಮೊತ್ತ 6,000.

ಮೊದಲು ಬಂದ ವಿನ್ಯಾಸದಲ್ಲಿ ಚೀಲ ಮಡಿಕೆ ಬಿದ್ದಿದ್ದರೂ ಅಕ್ಷರಗಳು ಅಳತೆಪಟ್ಟಿ ಹಿಡಿದಂತೆ ನೆಟ್ಟಗೆ ನಿಂತಿದ್ದವು. ನಾರು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಕೇಳಿದ್ದಕ್ಕೆ “ಸಾರ್, ಪ್ರಿಂಟ್ ಆದ್ಮೇಲೆ ಸೆಟ್ ಆಗುತ್ತೆ” ಎಂದರು. ಪರದೆಯ ಮೇಲೆ ನೆಟ್ಟಗಿರುವ ಅಕ್ಷರ ಕಾಗದದ ಮೇಲೆ ಹೇಗೆ ಬಾಗುತ್ತದೆಂದು ಗಟ್ಟಿಯಾಗಿ ಕೇಳಿದ ಮೇಲೆ, ಎರಡು ದಿನ ಬಿಟ್ಟು ಎರಡನೆಯದನ್ನು ಕಳಿಸಿದರು.

ಎರಡನೆಯದು ನಿಜಕ್ಕೂ ಸೊಗಸಾಗಿತ್ತು. ಅಕ್ಷರ ಮಡಿಕೆಯ ಜೊತೆ ಬಾಗಿತ್ತು, ನಾರಿನ ಎಳೆಗಳು ಮಸಿಯ ನಡುವೆ ಇಣುಕುತ್ತಿದ್ದವು. ಆದರೆ ನೀಲಿ ಪಟ್ಟೆ ಇರಲಿಲ್ಲ. ಅದು ನಮ್ಮ ಚೀಲವಾಗಿರಲಿಲ್ಲ. “ನಿಮ್ಮ ಫೋಟೋ ಕ್ಲಾರಿಟಿ ಇರಲಿಲ್ಲ ಸಾರ್, ನಾವೇ ಒಂದು ಚೀಲ ಇಟ್ಟು ಶೂಟ್ ಮಾಡಿದ್ವಿ” ಎಂದರು. ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಅಷ್ಟು ಶ್ರಮಪಟ್ಟಿದ್ದಾರೆಂದು ಥ್ಯಾಂಕ್ಸ್ ಕೂಡ ಹೇಳಿದೆ. ಮೊಬೈಲಿನಲ್ಲಿ ನೋಡಿಯೇ ಒಪ್ಪಿಗೆ ಕೊಟ್ಟು, ಉಳಿದ ಹಣವನ್ನೂ ಕಟ್ಟಿ, 2,000 ಲೇಬಲ್ ಅಚ್ಚು ಹಾಕಿಸಿದೆ.

ಮೂರು ವಾರದ ನಂತರ ಸಂತೇಪೇಟೆಯ ಒಂದು ಅಂಗಡಿಯಲ್ಲಿ ರಾಗಿಹಿಟ್ಟಿನ ಪೊಟ್ಟಣ ಕಣ್ಣಿಗೆ ಬಿತ್ತು. ಎಡಮೂಲೆಯಲ್ಲಿ ಎದ್ದು ನಿಂತ ಒಂದು ನಾರು, ಅದರ ಕೆಳಗೆ ಸಣ್ಣ ಗಂಟು, ಬಲಕ್ಕೆ ಓರೆಯಾಗಿ ಇಳಿದ ಮಡಿಕೆ. ನನ್ನ ಲೇಬಲ್ಲಿನ ಚೀಲವೇ ಅದು, ಹೆಸರು ಮಾತ್ರ ಬೇರೆಯವರದು. ಜೇಬಿನಲ್ಲಿದ್ದ ನನ್ನ ಲೇಬಲ್ಲನ್ನು ತೆಗೆದು ಪಕ್ಕದಲ್ಲಿ ಹಿಡಿದು ನೋಡಿದೆ. ಗಂಟಿಗೆ ಗಂಟು, ನಾರಿಗೆ ನಾರು. ಅಂಗಡಿಯವರು ನನ್ನ ಲೇಬಲ್ಲನ್ನೇ ನೋಡುತ್ತಾ “ಸ್ವಾಮಿ, ಇದೇನು, ಅಚುಬೆಲ?” ಎಂದು ಕೇಳಿದಾಗ ನೆಲಕ್ಕಿಳಿದುಹೋದೆ. ಎರಡನೆಯ ಸಾಲಿನ ಒತ್ತಕ್ಷರಗಳು ಅರ್ಧಕ್ಕೇ ಕತ್ತರಿಸಿಹೋಗಿದ್ದವು. ನಾರಿನ ಅಂದ ನೋಡುತ್ತಾ ಕುಳಿತ ನಾನು ನನ್ನ ಬೆಲ್ಲದ ಒತ್ತನ್ನೇ ನೋಡಿರಲಿಲ್ಲ.

ಮೈಸೂರಿನ ದೃಶ್ಯಕಲಾ ಕಾಲೇಜು ಕಾವಾದಲ್ಲಿ ಓದುತ್ತಿರುವ ಅಕ್ಕನ ಮಗಳು ಒಂದೇ ನೋಟಕ್ಕೆ ಹೇಳಿದಳು: “ಮಾವ, ಇದು ರೆಡಿ ಮಾಕಪ್. ಸ್ಮಾರ್ಟ್ ಆಬ್ಜೆಕ್ಟ್ ಮೇಲೆ ಡಬಲ್ ಕ್ಲಿಕ್ ಮಾಡಿ, ಹೆಸರು ಬದಲಾಯಿಸಿ, ಸೇವ್ ಮಾಡಿದ್ರೆ ಮುಗೀತು.” ಮಾಕಪ್ ಎಂದರೆ ಮೊದಲೇ ಮಾಡಿಟ್ಟ ಸಿದ್ಧ ಚಿತ್ರ, ಸ್ಮಾರ್ಟ್ ಆಬ್ಜೆಕ್ಟ್ ಎಂದರೆ ಅದರಲ್ಲಿ ಹೆಸರು ಕೂರಿಸಲು ಬಿಟ್ಟ ಚೌಕಟ್ಟು. ಆ ಚೌಕಟ್ಟನ್ನು ಇಂಗ್ಲಿಷಿನ ದೊಡ್ಡಕ್ಷರಗಳ ಅಳತೆಗೆ ಮಾಡಿದ್ದರಿಂದ ಕೆಳಗೆ ಇಳಿಯುವ ನಮ್ಮ ಒತ್ತುಗಳಿಗೆ ಅದರಲ್ಲಿ ಜಾಗವೇ ಇರಲಿಲ್ಲ. ನಂತರ ಅವಳು ನಮ್ಮದೇ ಫೋಟೋ ತೆಗೆದುಕೊಂಡು ಕಪ್ಪುಬಿಳುಪು ಮಾಡಿ, ಪ್ರತಿ ಎಳೆಗೂ ಅಕ್ಷರ ಚಿಂದಿಯಾಗದಿರಲೆಂದು ಸ್ವಲ್ಪ ಬ್ಲರ್ ಕೊಟ್ಟು, ಪಿಎಸ್‌ಡಿಯಾಗಿ, ಅಂದರೆ ಫೋಟೋಶಾಪಿನದೇ ಫೈಲಾಗಿ, ಉಳಿಸಿದಳು. ಅಕ್ಷರವನ್ನು ಮಡಿಕೆಗೆ ತಕ್ಕಂತೆ ಸರಿಸುವ ಫೋಟೋಶಾಪಿನ ಡಿಸ್‌ಪ್ಲೇಸ್ ಫಿಲ್ಟರಿಗೆ ಅದೇ ನಕ್ಷೆ. ನಡುವಿನ ಬೂದುಬಣ್ಣ, ಅಂದರೆ 128, ಇದ್ದಲ್ಲಿ ಅಕ್ಷರ ಅಲುಗುವುದಿಲ್ಲ, ಅದಕ್ಕಿಂತ ಕಪ್ಪಾದಲ್ಲಿ ಒಂದು ಕಡೆಗೂ ಬೆಳ್ಳಗಾದಲ್ಲಿ ಇನ್ನೊಂದು ಕಡೆಗೂ ಸರಿಯುತ್ತದೆ. ಆಮೇಲೆ ಅಕ್ಷರದ ಪದರವನ್ನು ಕೆಳಗಿನ ಚಿತ್ರದೊಂದಿಗೆ ಮಸಿಯಂತೆ ಬೆರೆಸುವ ಮಲ್ಟಿಪ್ಲೈಗೆ ಹಾಕಿ, ‘ಬ್ಲೆಂಡ್ ಇಫ್’ ಎಂಬಲ್ಲಿ ಕೆಳಪದರದ ಗುಂಡಿಯನ್ನು ಆಲ್ಟ್ ಒತ್ತಿ ಸೀಳಿ ಎಳೆದಾಗ ಬೆಳ್ಳನೆಯ ನಾರುಗಳು ಮಸಿಯ ಮೇಲೆ ಎದ್ದು ಬಂದವು. ನಾನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನೀಲಿ ಪಟ್ಟೆಯ ನಮ್ಮ ಚೀಲದ ಮೇಲೆ ಒತ್ತಕ್ಷರ ಸಮೇತ ಅಚ್ಚುಬೆಲ್ಲ ಕುಳಿತಿತ್ತು.

ಎರಡೂ ಪೊಟ್ಟಣಗಳ ಚಿತ್ರವನ್ನು ಅಂಗಡಿಗೆ ಕಳಿಸಿದೆ. ಮೊದಲ ಉತ್ತರ: “ಗೋಣಿಚೀಲ ಎಲ್ಲಾ ಒಂದೇ ಥರ ಇರುತ್ತೆ ಸಾರ್.” ಗಂಟನ್ನು ಸುತ್ತು ಹಾಕಿ ತೋರಿಸಿದ ಮೇಲೆ: “ಎಲ್ಲರೂ ಹೀಗೇ ಮಾಡೋದು.” ಒತ್ತಕ್ಷರದ ಮಾತೆತ್ತಿದಾಗ: “ಕನ್ನಡ ಫಾಂಟ್ ಪ್ರಾಬ್ಲಮ್ ಸಾರ್, ಫೋಟೋಶಾಪಲ್ಲಿ ಒತ್ತು ಸರಿಯಾಗಿ ಬರಲ್ಲ.” ಇದು ಶುದ್ಧ ಸುಳ್ಳು. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ವರ್ಲ್ಡ್‌ರೆಡಿ ಲೇಔಟ್ ಆಯ್ಕೆ ಮಾಡದಿದ್ದರೆ ಒತ್ತು ಬಿಡಿಬಿಡಿಯಾಗುತ್ತಿದ್ದುದುಂಟು, ಆದರೆ ನನ್ನ ಒತ್ತು ಒಡೆದಿರಲಿಲ್ಲ, ಕತ್ತರಿಸಿಹೋಗಿತ್ತು. ಕೊನೆಯ ಉತ್ತರ: “ಅಪ್ರೂವ್ ಮಾಡಿದ್ದು ನೀವೇ ತಾನೇ?” ಹೌದು, ನಾನೇ. ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಅದಕ್ಕೇ ಸಿಟ್ಟು ಇನ್ನೂ ಇಳಿದಿಲ್ಲ.

ಮಾಕಪ್ ಬಳಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಮಾಕಪ್ ಎಂದು ಹೇಳಿ ಐನೂರು ತೆಗೆದುಕೊಂಡಿದ್ದರೆ ಕೊಡುತ್ತಿದ್ದೆ. ಕೊನೆಯ ಕಂತು ಕೊಡುವ ಮೊದಲು ಪದರಗಳಿರುವ ಪಿಎಸ್‌ಡಿ ಫೈಲನ್ನು ಕೇಳಿ ಪಡೆಯಿರಿ, ನಿಮ್ಮ ಫೋಟೋವನ್ನೇ ಬಳಸಿದ್ದಾರೆಯೇ ಎಂದು ನೋಡಿ, ಒಂದು ಪ್ರತಿ ಅಚ್ಚು ಹಾಕಿಸಿ ಒತ್ತಕ್ಷರಗಳನ್ನು ಬೆರಳಿಟ್ಟು ಓದಿ. ಹಣ ವಾಪಸ್ ಬಂದಿಲ್ಲ. ಉಳಿದ 1,600 ‘ಅಚುಬೆಲ’ಗಳು ಆಲೆಮನೆಯ ಅಟ್ಟದ ಮೇಲಿವೆ.